ಅಪ್ಪಣೆ ಕೇಳದ ಅಕ್ಷರ

ಹೈದರಾಬಾದಿಗೆ ಹೊಸದಾಗಿ ಬಂದು ನೆಲೆಸುವ ಕನ್ನಡ ಕುಟುಂಬಗಳು ನಮ್ಮ ಸಂಘಗಳಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ: “ಇಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಶಾಲೆ ಎಲ್ಲಿದೆ?” ಪ್ರಶ್ನೆ ಸಹಜವಾದುದೇ. ಮನೆಯಲ್ಲಿ ಕನ್ನಡ ಕೇಳಿ ಬೆಳೆಯುವ ಮಗು ಶಾಲೆಯಲ್ಲಿ ಇಂಗ್ಲಿಷು, ತೆಲುಗು, ಹಿಂದಿ ಓದುತ್ತದೆ. ಊರಿನಿಂದ ಬಂದ ಮದುವೆಯ ಕರೆಯೋಲೆಯನ್ನು ಕೈಗಿತ್ತರೆ ಓದಲಾರದೆ ತಾಯಿಯ ಮುಖ ನೋಡುತ್ತದೆ. ಹೆತ್ತವರಿಗೆ ಆಗ ಸಂಕಟವಾಗುವುದು ನಿಜ.

ಆದರೆ ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಅಡಗಿದೆ. ಶಾಲೆ ಇದ್ದಲ್ಲಿ ಮಾತ್ರ ಕಲಿಕೆ ಇರುತ್ತದೆ, ಶಾಲೆಯನ್ನು ಸರ್ಕಾರವೋ ಸಂಸ್ಥೆಯೋ ಕಟ್ಟಿಕೊಡಬೇಕು, ಅಲ್ಲಿಯವರೆಗೆ ನಾವು ಕಾಯಬೇಕು ಎಂಬುದೇ ಆ ನಂಬಿಕೆ. ವಿಚಿತ್ರವೆಂದರೆ, ಇದನ್ನು ತಲೆಕೆಳಗು ಮಾಡಿದ ಚರಿತ್ರೆ ನಡೆದದ್ದು ಇದೇ ನಗರದಲ್ಲಿ ಮತ್ತು ಈ ನಗರದಿಂದ ಆಳಲ್ಪಡುತ್ತಿದ್ದ ಕನ್ನಡ ಜಿಲ್ಲೆಗಳಲ್ಲಿ. ಹೇಳಿಕೊಡುವವರು ಇಲ್ಲದಿದ್ದರೂ, ಕೆಲವೊಮ್ಮೆ ಬೇಡವೆನ್ನುವವರೇ ಇದ್ದರೂ, ನಮ್ಮ ಹಿರಿಯರು ಅಕ್ಷರವನ್ನು ಹೇಗೆ ಉಳಿಸಿಕೊಂಡರು ಎಂಬುದನ್ನು ಇಲ್ಲಿ ಸ್ಮರಿಸುವುದು ಉಚಿತವಾಗಿದೆ.

ಆಡುವ ಭಾಷೆ, ಆಳುವ ಭಾಷೆ

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಮತ್ತು ಉರ್ದು ಎಂಬ ನಾಲ್ಕು ಭಾಷೆಗಳ ಜನರಿದ್ದರು. ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳು ಕನ್ನಡ ಪ್ರದೇಶಗಳು. ಬೀದರಿನಲ್ಲಂತೂ ಮರಾಠಿ, ತೆಲುಗುಗಳೂ ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದವು. ರಾಜ್ಯದ ಕಾರಭಾರವು ಮೊದಲು ಪಾರ್ಸಿಯಲ್ಲಿ ನಡೆಯುತ್ತಿದ್ದು, ೧೮೮೪ರ ಸುಮಾರಿಗೆ ಆ ಸ್ಥಾನಕ್ಕೆ ಉರ್ದು ಬಂದಿತು. ಕಚೇರಿಯ ಅರ್ಜಿ, ಕೋರ್ಟಿನ ಫೈಸಲು, ತಹಶೀಲಿನ ದಫ್ತರ ಎಲ್ಲವೂ ಉರ್ದುವಿನಲ್ಲಿ. ಇಂದಿಗೂ ನಮ್ಮ ಬಾಯಲ್ಲಿ ಅರ್ಜಿ, ಜಮೀನು, ದಫ್ತರ, ಖುರ್ಚಿಗಳು ಉಳಿದಿರುವುದು ಆ ಕಾಲದ ಗುರುತು.

೧೯೧೭ರಲ್ಲಿ ಆಗಿನ ನಿಜಾಮರ ಆಜ್ಞೆಯಂತೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಸ್ಥಾಪನೆಗೆ ಏರ್ಪಾಡಾಗಿ, ಮರುವರ್ಷ ಅದು ಆರಂಭವಾಯಿತು. ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮ ಮಾಡಿದ ಮೊದಮೊದಲ ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದು. ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆಯನ್ನು ತೆರೆದು, ಗಣಿತದಿಂದ ವೈದ್ಯದವರೆಗೆ ಗ್ರಂಥಗಳನ್ನು ಉರ್ದುವಿಗೆ ತರಲಾಯಿತು, ಪರಿಭಾಷೆಗಳನ್ನು ಹೊಸದಾಗಿ ಟಂಕಿಸಲಾಯಿತು. ಇಂಗ್ಲಿಷಿನ ಹಂಗಿಲ್ಲದೆ ನಮ್ಮ ಭಾಷೆಯಲ್ಲೇ ವಿಜ್ಞಾನ ಕಲಿಸಬಹುದು ಎಂದು ತೋರಿಸಿದ ಆ ಸಾಹಸವನ್ನು ಯಾರೂ ಮೆಚ್ಚಬೇಕಾದುದೇ. ಆದರೆ ಉರ್ದುವಿಗೆ ಸ್ವಭಾಷೆಯ ಹೆಮ್ಮೆಯಾಗಿದ್ದದ್ದು ಜೇವರ್ಗಿಯ ರೈತನ ಮಗನಿಗೆ ಪರಭಾಷೆಯ ಗೋಡೆಯಾಗಿತ್ತು. ಕೆಳಗಿನ ತರಗತಿಗಳಲ್ಲಿ ಅಲ್ಲಲ್ಲಿ ಕನ್ನಡಕ್ಕೆ ಎಡೆಯಿದ್ದರೂ, ಮೆಟ್ಟಿಲು ಏರಿದಂತೆಲ್ಲ ಉರ್ದು ಬಾರದವನಿಗೆ ದಾರಿ ಮುಚ್ಚುತ್ತಿತ್ತು. ೧೯೩೧ರ ಜನಗಣತಿಯ ವೇಳೆಗೆ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಐದರ ಆಸುಪಾಸಿನಲ್ಲಿದ್ದರು ಎಂಬುದನ್ನು ನೋಡಿದರೆ ಆ ಗೋಡೆಯ ಎತ್ತರ ತಿಳಿಯುತ್ತದೆ.

ಹಾಗಾದರೆ ಜನರೇ ಶಾಲೆ ತೆರೆಯಬಹುದಿತ್ತಲ್ಲ? ಅದಕ್ಕೂ ತಡೆಯಿತ್ತು. ೧೯೨೦ರ ದಶಕದಲ್ಲಿ ಖಾಸಗಿ ಶಾಲೆಗಳ ಮೇಲೆ ನಿರ್ಬಂಧ ಬಂದು, ಸರ್ಕಾರದ ಪೂರ್ವಾನುಮತಿಯಿಲ್ಲದೆ ಶಾಲೆ ನಡೆಸುವುದು ನಿಯಮಬಾಹಿರವಾಯಿತು. ‘ಗಸ್ತಿ ನಿಶಾನ್ ೫೩’ ಎಂದು ಹೆಸರಾದ ಸುತ್ತೋಲೆ ಅನುಮತಿಯಿಲ್ಲದ ಸಾರ್ವಜನಿಕ ಸಭೆಗಳನ್ನೂ ತಡೆಯಿತು. ಅಂದರೆ ನಾಲ್ಕು ಜನ ಸೇರಿ ಮಾತನಾಡಲೂ ಅಪ್ಪಣೆ ಬೇಕು, ನಾಲ್ಕು ಮಕ್ಕಳನ್ನು ಕೂರಿಸಿ ಅಕ್ಷರ ತಿದ್ದಿಸಲೂ ಅಪ್ಪಣೆ ಬೇಕು.

ಮರಳು, ಕಡತ ಮತ್ತು ಮಗ್ಗಿ

ಇಂಥ ಕಾಲದಲ್ಲಿ ಅಕ್ಷರ ಬದುಕಿದ್ದು ಎಲ್ಲಿ? ಮೊದಲನೆಯದಾಗಿ, ಇಲಾಖೆಯ ಕಣ್ಣಿಗೆ ಶಾಲೆಯಂತೆ ಕಾಣದ ಜಾಗಗಳಲ್ಲಿ. ಹಳ್ಳಿಯ ಅಯ್ಯನವರ ಮಠ, ಗುಡಿಯ ಪೌಳಿ, ಗೌಡರ ಪಡಸಾಲೆ. ಇವು ನಮ್ಮ ಹಿಂದಿನವರ ವಿದ್ಯಾಲಯಗಳು. ‘ಕೂಲಿಮಠ’ ಎಂದು ಕರೆಯುತ್ತಿದ್ದ ಈ ಶಾಲೆಗಳಲ್ಲಿ ಗುರುವಿಗೆ ಸಂಬಳವಿಲ್ಲ. ಸುಗ್ಗಿಯಲ್ಲಿ ಜೋಳ, ಹಬ್ಬದಲ್ಲಿ ದಕ್ಷಿಣೆ. ಮಹಾನವಮಿಯ ದಿನಗಳಲ್ಲಿ ಮಕ್ಕಳು ಪದ ಹಾಡುತ್ತ ಮನೆಮನೆಗೆ ಹೋಗಿ ಗುರುವಿಗೆ ಕಾಣಿಕೆ ಕೂಡಿಸುತ್ತಿದ್ದುದನ್ನು ಹಿರಿಯರು ಬಲ್ಲರು.

ಉಪಕರಣಗಳೂ ಅಷ್ಟೇ ಸರಳ. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಓನಾಮ ತಿದ್ದುವುದು ಮೊದಲ ಪಾಠ. ಆಮೇಲೆ ಹಲಗೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಮಸಿ ಬಳಿದು ಮಡಿಸಿ ಮಾಡಿದ ಕಡತದ ಮೇಲೆ ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯುವುದು ಮುಂದಿನ ಹಂತ. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಬಾಯಿಪಾಠ. ಈ ಮಗ್ಗಿ ಬಲ್ಲ ಹುಡುಗ ಸಂತೆಯಲ್ಲಿ ಸಾಹುಕಾರನ ಲೆಕ್ಕವನ್ನು ನಿಂತ ನಿಲುವಿನಲ್ಲೇ ಪರೀಕ್ಷಿಸಬಲ್ಲವನಾಗುತ್ತಿದ್ದ. ಮುಂದುವರಿದವರು ಅಮರಕೋಶ, ಜೈಮಿನಿ ಭಾರತಗಳವರೆಗೆ ಹೋಗುತ್ತಿದ್ದರು. ದೊಡ್ಡ ಹುಡುಗ ಚಿಕ್ಕ ಹುಡುಗನಿಗೆ ತಿದ್ದಿಸುವುದು ಅಲ್ಲಿನ ಪದ್ಧತಿ. ನೆನ್ನೆ ಕಲಿತವನು ಇಂದು ಕಲಿಸುವವನು.

ಈ ವ್ಯವಸ್ಥೆಯನ್ನು ಬರೀ ಹೊಗಳಿ ಕೂರುವಂತಿಲ್ಲ. ಬೆತ್ತದ ಭಯ ಅಲ್ಲಿ ಬಹಳವಿತ್ತು. ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಊರ ಹೊರಗಿನ ಕೇರಿಯ ಮಕ್ಕಳಿಗಂತೂ ಗುಡಿಯ ಪೌಳಿಯೇ ನಿಷಿದ್ಧ. ಈ ವಿಷಯಕ್ಕೆ ಮತ್ತೆ ಬರೋಣ. ಆದರೆ ಒಂದು ಮಾತು ನಿಲ್ಲುತ್ತದೆ: ಕಲಿಯಲು ಕಟ್ಟಡ ಬೇಕೇಬೇಕೆಂದು ಆ ಜನ ಎಂದೂ ಭಾವಿಸಲಿಲ್ಲ. ಇರುವ ಮರಳಿನಲ್ಲಿ, ಇರುವ ಗುರುವಿನಿಂದ, ಇರುವಷ್ಟನ್ನು ಕಲಿತರು.

ಹೊರಗೊಂದು ಹಲಗೆ, ಒಳಗೊಂದು ಪಾಠ

ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರ ಹೆಸರನ್ನು ಕೇಳದ ಬೀದರ ಜಿಲ್ಲೆಯವರಿಲ್ಲ. ಕಮಲನಗರದಲ್ಲಿ ಹುಟ್ಟಿ, ಶಿವಯೋಗ ಮಂದಿರದಲ್ಲಿ ಓದಿ ಬಂದ ಇವರು ನೂರು ದಾಟಿ ಬಾಳಿ, ೧೯೯೯ರಲ್ಲಿ ಲಿಂಗೈಕ್ಯರಾದರು. ನಿಜಾಮರ ಕಾಲದಲ್ಲಿ ಅವರು ನಡೆಸಿದ ಶಾಲೆಗೆ ಹೊರಗೆ ಉರ್ದುವಿನ ಫಲಕ, ಒಳಗೆ ಕನ್ನಡದ ಪಾಠ ಎಂಬುದು ಆ ಭಾಗದಲ್ಲಿ ಇಂದಿಗೂ ಮನೆಮಾತು.

ಇದನ್ನು ಜಾಣತನದ ಕಥೆಯೆಂದು ನಕ್ಕು ಬಿಡುವುದು ಸುಲಭ. ಒಂದು ಗಳಿಗೆ ನಿಂತು ಯೋಚಿಸಿದರೆ ಅದರ ತೂಕ ತಿಳಿಯುತ್ತದೆ. ಕನ್ನಡದ ನಾಡಿನಲ್ಲೇ ಕನ್ನಡವನ್ನು ಮರೆಮಾಚಿ ಕಲಿಸಬೇಕಾಯಿತು. ಸ್ವಾಮಿಗಳು ಅಪ್ಪಣೆಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಕಾಯಲಿಲ್ಲ, ಫಲಕವನ್ನು ಕಿತ್ತೆಸೆದು ಶಾಲೆಯನ್ನೇ ಕಳೆದುಕೊಳ್ಳಲೂ ಇಲ್ಲ. ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಕಾಳುಕಡಿ ಕೂಡಿಸಿದರು, ಮಕ್ಕಳಿಗೆ ಅನ್ನವಿಟ್ಟರು, ಅಕ್ಷರ ಕೊಟ್ಟರು. ಬಸವಕಲ್ಯಾಣದ ಅನುಭವ ಮಂಟಪದ ಕಟ್ಟಡಕ್ಕೂ ಮುಂದೆ ಇದೇ ಜೋಳಿಗೆ ತಿರುಗಿತು.

ಗುಲಬರ್ಗಾದಲ್ಲಿ ೧೯೦೭ರಲ್ಲೇ ನೂತನ ವಿದ್ಯಾಲಯ ಹುಟ್ಟಿತ್ತು. ಊರವರ ದುಡ್ಡು, ಊರವರ ಶ್ರಮ. ರಾಯಚೂರಿನಲ್ಲಿ ೧೯೨೦ರಲ್ಲಿ ಪಂಡಿತ ತಾರಾನಾಥರು ‘ಹಮ್‌ದರ್ದ್’ ಶಾಲೆಯನ್ನು ಸ್ಥಾಪಿಸಿದರು. ಮಂಗಳೂರಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ವೈದ್ಯ ಓದಿದ ತಾರಾನಾಥರು ವೈದ್ಯ, ಸಂಗೀತ, ನಾಟಕ, ಅಧ್ಯಾತ್ಮಗಳಲ್ಲೆಲ್ಲ ಕೈಯಾಡಿಸಿದವರು. ಶಾಲೆಗೆ ಅವರಿಟ್ಟ ಹೆಸರನ್ನು ಗಮನಿಸಬೇಕು. ಹಮ್‌ದರ್ದ್ ಎಂದರೆ ನೋವಿನಲ್ಲಿ ಜೊತೆಯಾಗುವವನು. ರಾಷ್ಟ್ರೀಯ ಶಾಲೆಗೆ ಉರ್ದು ಹೆಸರು! ಅವರ ಹೋರಾಟ ಭಾಷೆಯೊಂದರ ಮೇಲಿನ ಹಗೆಯಾಗಿರಲಿಲ್ಲ, ತನ್ನ ನುಡಿಯಲ್ಲಿ ಕಲಿಯುವ ಹಕ್ಕಿನದಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಸರ್ಕಾರದ ಅನುಮಾನ ಹೆಚ್ಚಿದಾಗ ಅವರು ರಾಯಚೂರನ್ನು ಬಿಟ್ಟು ತುಂಗಭದ್ರೆಯ ದಂಡೆಯಲ್ಲಿ ‘ಪ್ರೇಮಾಯತನ’ವನ್ನು ಕಟ್ಟಿಕೊಂಡರು.

ಉರ್ದುವಿನ ಶಾಲೆಯಲ್ಲಿ ಓದಿಯೂ ಕನ್ನಡವನ್ನು ಕೈಬಿಡದವರು ಎಷ್ಟೋ ಜನ. ಸಿದ್ದಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದವರು. ಮುಂದೆ ‘ಕಾವ್ಯಾನಂದ’ರಾಗಿ ಕನ್ನಡಕ್ಕೆ ಸೇವೆ ಸಲ್ಲಿಸಿದರು. ರಾಯಚೂರು ಸೀಮೆಯ ಶಾಂತರಸರು ಉರ್ದುವಿನ ಗಜಲನ್ನು ಕನ್ನಡದಲ್ಲಿ ನೆಲೆಗೊಳಿಸಿದ ಮೊದಲಿಗರಲ್ಲಿ ಒಬ್ಬರಾದರು. ೨೦೦೬ರಲ್ಲಿ ಬೀದರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಒತ್ತಾಯದಿಂದ ಬಂದ ಭಾಷೆಯನ್ನೂ ಒಲಿಸಿಕೊಂಡು ತಮ್ಮದಕ್ಕೆ ಸೇರಿಸಿಕೊಂಡ ಬಗೆ ಇದು.

ನಗರದ ನೆರೆಹೊರೆ

ಹೈದರಾಬಾದ್ ನಗರದಲ್ಲಿ ಕನ್ನಡಿಗರು ಒಬ್ಬಂಟಿಗರಾಗಿರಲಿಲ್ಲ. ತೆಲುಗು ಬಂಧುಗಳೂ ಇದೇ ದಾರಿಯಲ್ಲಿದ್ದರು. ಅವರಿಂದ ಕಲಿಯಬೇಕಾದುದೂ ಬಹಳವಿತ್ತು. ೧೯೦೧ರಲ್ಲಿ ಇಲ್ಲಿ ಸ್ಥಾಪನೆಯಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವು ಶಾಲೆಯಲ್ಲ, ಗ್ರಂಥಾಲಯ. ಓದಲು ಜಾಗ, ಓದಲು ಪುಸ್ತಕ, ಓದಿದ್ದನ್ನು ಮಾತನಾಡಲು ಜೊತೆಗಾರರು. ಇಷ್ಟಿದ್ದರೆ ಅರ್ಧ ವಿಶ್ವವಿದ್ಯಾಲಯ ಇದ್ದಂತೆಯೇ ಎಂದು ಅದರ ಸ್ಥಾಪಕರು ಅರಿತಿದ್ದರು. ತೆಲುಗು ಅರಸನೆಂದು ಅವರು ಹೆಸರಿಸಿಕೊಂಡ ಕೃಷ್ಣದೇವರಾಯ ನಮ್ಮವನೂ ಹೌದು ಎಂಬುದು ಬೇರೆ ಮಾತು.

೧೯೨೧ರ ನವೆಂಬರಿನಲ್ಲಿ ಈ ನಗರದ ವಿವೇಕವರ್ಧಿನಿಯಲ್ಲಿ ಮಹರ್ಷಿ ಕರ್ವೆಯವರ ಅಧ್ಯಕ್ಷತೆಯಲ್ಲಿ ಸಮಾಜ ಸುಧಾರಣಾ ಸಮ್ಮೇಳನ ನಡೆಯಿತು. ವಕೀಲ ಆಲಂಪಲ್ಲಿ ವೆಂಕಟರಾಮರಾವ್ ಅವರು ತೆಲುಗಿನಲ್ಲಿ ಮಾತನಾಡಲು ತೊಡಗಿದಾಗ ಸಭೆಯಲ್ಲಿ ಗೇಲಿ, ಗದ್ದಲವೆದ್ದಿತು. ಅವಮಾನಗೊಂಡ ತೆಲುಗರು ಹೊರನಡೆದು, ಬೆನ್ನಲ್ಲೇ ಆಂಧ್ರ ಜನ ಸಂಘವನ್ನು ಕಟ್ಟಿದರು. ೧೯೨೮ರಲ್ಲಿ ಮಾಡಪಾಟಿ ಹನುಮಂತರಾಯರು ನಾರಾಯಣಗುಡದಲ್ಲಿ ಹುಡುಗಿಯರಿಗೆ ತೆಲುಗು ಮಾಧ್ಯಮದ ಶಾಲೆ ತೆರೆದರು. ಉರ್ದು ಮಾಧ್ಯಮದ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ನೆಲೆಯಿರಲಿಲ್ಲ. ಆಗ ಅವರು ಕರ್ವೆಯವರು ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯದ ಜೊತೆ ಸಂಬಂಧ ಬೆಳೆಸಿ ಪರೀಕ್ಷೆಗೆ ದಾರಿ ಮಾಡಿದರು. ಊರಿನ ಬಾಗಿಲು ಮುಚ್ಚಿದರೆ ಪರವೂರಿನ ಕಿಟಕಿ ಹುಡುಕುವುದು ಎಂದರೆ ಇದೇ.

ಇನ್ನೊಂದು ಪ್ರಸಂಗ ನನಗೆ ಬಹಳ ಪ್ರಿಯವಾದುದು. ತೆಲಂಗಾಣದಲ್ಲಿ ತೆಲುಗು ಕವಿಗಳೇ ಇಲ್ಲವೆಂದು ಒಬ್ಬ ವಿದ್ವಾಂಸರು ಬರೆದಾಗ, ‘ಗೋಲ್ಕೊಂಡ’ ಪತ್ರಿಕೆಯ ಸುರವರಂ ಪ್ರತಾಪರೆಡ್ಡಿಯವರು ಪ್ರತಿಭಟನೆಯ ಸಭೆ ಕರೆಯಲಿಲ್ಲ. ಊರೂರಿನಿಂದ ಪದ್ಯ ತರಿಸಿ, ೩೫೪ ಕವಿಗಳ ಸಂಚಿಕೆಯೊಂದನ್ನು ೧೯೩೪ರಲ್ಲಿ ಅಚ್ಚು ಮಾಡಿ ಮುಂದಿಟ್ಟರು. ಮಾತಿಗೆ ಮಾತಲ್ಲ, ಮಾತಿಗೆ ಕೆಲಸ.

ಅದೇ ೧೯೩೪ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸೇರಿತು. ಅದಕ್ಕೂ ಮೊದಲು, ೧೯೨೮ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಗುಲಬರ್ಗಾದಲ್ಲಿ ಸಮ್ಮೇಳನ ನಡೆದಿತ್ತು. ೧೯೪೧ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಸಮ್ಮೇಳನ ಹೈದರಾಬಾದಿಗೇ ಬಂದಿತು. ಉಸ್ಮಾನಿಯಾದಲ್ಲಿ ಕನ್ನಡ ಕಲಿಸುತ್ತಿದ್ದ ಡಿ.ಕೆ. ಭೀಮಸೇನರಾಯರು, ಮಾನ್ವಿ ನರಸಿಂಗರಾಯರಂಥವರು ಈ ನಗರದಲ್ಲಿ ಕನ್ನಡದ ದೀಪ ಆರದಂತೆ ನೋಡಿಕೊಂಡರು. ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿಗೂ ಇಲ್ಲಿ ಒಂದು ವಿಶೇಷ ಅರ್ಥವಿದೆ. ಅವಕ್ಕೆ ಶಾಲೆಯ ಹಾಜರಿ ಬೇಡ. ಹಗಲು ದುಡಿದು ರಾತ್ರಿ ಓದುವ ಗುಮಾಸ್ತನೂ ಗೃಹಿಣಿಯೂ ಕುಳಿತುಕೊಳ್ಳಬಹುದು. ತೆಲುಗರಿಗೆ ೧೯೪೩ರಲ್ಲಿ ಇಲ್ಲೇ ಹುಟ್ಟಿದ ಆಂಧ್ರ ಸಾರಸ್ವತ ಪರಿಷತ್ತು ಇಂಥದೇ ಪರೀಕ್ಷೆಗಳನ್ನು ನಡೆಸಿತು.

ಕಾಚಿಗೂಡೆಯಲ್ಲಿ ಕನ್ನಡಿಗರು ತಾವೇ ಕೂಡಿಕೊಂಡು ಸಾಹಿತ್ಯ ಮಂದಿರವನ್ನೂ ಶಾಲೆಯನ್ನೂ ಕಟ್ಟಿದರು. ಶಾಲೆಗೆ ನೃಪತುಂಗನ ಹೆಸರಿಟ್ಟದ್ದು ಔಚಿತ್ಯಪೂರ್ಣವಾಗಿದೆ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಂದರೆ ನಿಜಾಮರ ಸೀಮೆಯೊಳಗಿದ್ದ ಊರು. ಒಂಬತ್ತನೆಯ ಶತಮಾನದಲ್ಲಿ ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಜನರನ್ನು ವರ್ಣಿಸುವಾಗ, ಗುರುವಿನ ಬಳಿ ಕುಳಿತು ಓದದೆಯೂ ಕಾವ್ಯದಲ್ಲಿ ನುರಿತವರೆಂದು ಹೊಗಳುತ್ತದೆ. ಸ್ವಯಂಕಲಿಕೆಯನ್ನು ಒಂದು ನಾಡಿನ ಗುಣವೆಂದೇ ಕರೆದ ಮಾತು ಅದು. ಸಾವಿರ ವರ್ಷಗಳ ನಂತರ ಅದೇ ನಾಡಿನ ಮಕ್ಕಳು ತಮ್ಮ ಅಕ್ಷರವನ್ನು ತಾವೇ ದುಡಿದು ಗಳಿಸಬೇಕಾದದ್ದು ಚರಿತ್ರೆಯ ಒಂದು ವಿಪರ್ಯಾಸ.

ಲಂಡನ್ನಿನ ಹುಡುಗರ ಮೂರು ಸ್ವರ

ನಮ್ಮ ಮನೆಗಳ ಕಿರಿಯರಿಗೆ ಇದೆಲ್ಲ ಹಳೆಯ ಪುರಾಣವೆನಿಸಬಹುದು. ಅವರಿಗೆ ಪರಿಚಿತವಾದ ಒಂದು ಉದಾಹರಣೆ ಕೊಡುತ್ತೇನೆ. ೧೯೭೬-೭೭ರಲ್ಲಿ ಇಂಗ್ಲೆಂಡಿನಲ್ಲಿ ಪಂಕ್ ಎಂಬ ಸಂಗೀತ ಪಂಥವೊಂದು ಹುಟ್ಟಿತು. ನಿರುದ್ಯೋಗ ಹೆಚ್ಚಿದ್ದ ಕಾಲ. ದೊಡ್ಡ ಕಂಪನಿಗಳು, ದುಬಾರಿ ಸ್ಟುಡಿಯೋಗಳು, ಪಳಗಿದ ವಾದಕರ ಸಂಗೀತದ ಎದುರಿಗೆ, ಗಿಟಾರು ಸರಿಯಾಗಿ ಹಿಡಿಯಲೂ ಬಾರದ ಹುಡುಗರು ತಾವೇ ಹಾಡತೊಡಗಿದರು. ಅವರ ಕೂದಲು, ಹರಿದ ಅಂಗಿ, ಕೂಗಾಟಗಳನ್ನು ನೋಡಿ ಹಿರಿಯರು ಮೂಗು ಮುರಿದರು. ಆದರೆ ಅವರ ಕಾರ್ಯವಿಧಾನ ಕುತೂಹಲಕರವಾದುದು.

ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ಟೈಪ್ ಮಾಡಿ, ನಕಲು ತೆಗೆದು, ಹಾಳೆಗಳಿಗೆ ಪಿನ್ ಹೊಡೆದು ‘ಸ್ನಿಫಿನ್ ಗ್ಲೂ’ ಎಂಬ ಪತ್ರಿಕೆಯನ್ನು ೧೯೭೬ರಲ್ಲಿ ಹೊರತಂದ. ‘ಸೈಡ್‌ಬರ್ನ್ಸ್’ ಎಂಬ ಇಂಥದೇ ಇನ್ನೊಂದು ಪುಟ್ಟ ಪತ್ರಿಕೆ ಗಿಟಾರಿನ ಮೂರೇ ಮೂರು ಸ್ವರಮೇಳಗಳ ಚಿತ್ರ ಬಿಡಿಸಿ, ಇಷ್ಟು ಸಾಕು, ಇನ್ನು ತಂಡ ಕಟ್ಟಿ ಎಂಬರ್ಥದ ಮಾತನ್ನು ಮುದ್ರಿಸಿತು. ಮ್ಯಾಂಚೆಸ್ಟರಿನ ‘ಬಜ್‌ಕಾಕ್ಸ್’ ತಂಡದವರು ಬಂಧುಮಿತ್ರರಿಂದ ಸುಮಾರು ೫೦೦ ಪೌಂಡು ಸಾಲ ಎತ್ತಿ, ೧೯೭೭ರ ಜನವರಿಯಲ್ಲಿ ತಮ್ಮ ಧ್ವನಿಮುದ್ರಿಕೆಯನ್ನು ತಾವೇ ಹೊರತಂದರು. ಅವರ ನೀತಿಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು: ಅಪ್ಪಣೆಗೆ ಕಾಯಬೇಡ, ಬಲ್ಲಷ್ಟರಿಂದ ಶುರುಮಾಡು, ಬೇಕಾದುದನ್ನು ಕೈಯಾರೆ ಮಾಡಿಕೋ, ಮಾಡಿದ ಬಗೆಯನ್ನು ಬೇರೆಯವರಿಗೂ ಹೇಳಿಕೊಡು.

ಭಾಲ್ಕಿಯ ಸ್ವಾಮಿಗಳಿಗೂ ಮ್ಯಾಂಚೆಸ್ಟರಿನ ಹುಡುಗರಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಓದುಗರು ನಗಬಹುದು. ಸಂಬಂಧವಿಲ್ಲ, ನಿಜ. ಅಂತರವೂ ದೊಡ್ಡದು. ಆ ಹುಡುಗರು ವ್ಯವಸ್ಥೆಯನ್ನು ಬೇಕೆಂದು ತೊರೆದವರು. ನಮ್ಮವರನ್ನು ವ್ಯವಸ್ಥೆಯೇ ಹೊರಗಿಟ್ಟಿತ್ತು. ಅವರಿಗೆ ಅಬ್ಬರ ಬೇಕಿತ್ತು. ನಮ್ಮವರಿಗೆ ಮೌನ ಬೇಕಿತ್ತು. ಆದರೂ ಆ ನಾಲ್ಕು ಮಾತುಗಳು ಕೂಲಿಮಠದ ಮರಳಿಗೂ, ಜೋಳಿಗೆಯ ಕಾಳಿಗೂ, ೩೫೪ ಕವಿಗಳ ಸಂಚಿಕೆಗೂ ಹೊಂದಿಕೊಳ್ಳುತ್ತವೆ. ಮೂರು ಸ್ವರ ಬಲ್ಲವನು ತಂಡ ಕಟ್ಟಬಹುದಾದರೆ, ಐವತ್ತು ಅಕ್ಷರ ಬಲ್ಲ ತಾಯಿ ಶಾಲೆ ಕಟ್ಟಬಾರದೇಕೆ?

ಸ್ವಾವಲಂಬನೆಯ ಮಿತಿ

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ಚರಿತ್ರೆಗೆ ಅನ್ಯಾಯವಾಗುತ್ತದೆ.

ಮೊದಲನೆಯದು, ‘ನಾವೇ’ ಎಂಬುದರೊಳಗೆ ಯಾರಿದ್ದಾರೆ ಎಂಬ ಪ್ರಶ್ನೆ. ಊರವರೇ ನಡೆಸಿದ ಮಠದಲ್ಲಿ ಊರ ಹೊರಗಿನವರಿಗೆ ಜಾಗವಿರಲಿಲ್ಲ. ಆದ್ದರಿಂದ ಅವರು ತಮ್ಮ ಶಾಲೆಯನ್ನು ತಾವೇ ಕಟ್ಟಬೇಕಾಯಿತು. ಹೈದರಾಬಾದಿನಲ್ಲಿ ಆ ಕೆಲಸ ಮಾಡಿದವರು ಭಾಗ್ಯರೆಡ್ಡಿ ವರ್ಮ. ೧೯೦೬ರಲ್ಲಿ ಜಗನ್ಮಿತ್ರ ಮಂಡಳಿಯನ್ನು ಕಟ್ಟಿದ ಅವರು, ೧೯೧೦ರಲ್ಲಿ ಇಸಾಮಿಯಾ ಬಜಾರು, ಲಿಂಗಂಪಲ್ಲಿಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. ಮುಂದಿನ ಎರಡು ದಶಕಗಳಲ್ಲಿ ಇಂಥ ಶಾಲೆಗಳು ಹಲವಾದವು. ಈ ಪ್ರಬಂಧದಲ್ಲಿ ಬಂದ ಎಲ್ಲ ಪ್ರಯತ್ನಗಳಲ್ಲಿ ಬಹುಶಃ ಇದೇ ಕಠಿಣವಾದುದು. ಉಳಿದವರಿಗೆ ಸರ್ಕಾರವೊಂದೇ ಅಡ್ಡಿ; ಇವರಿಗೆ ನೆರೆಹೊರೆಯವರೂ ಅಡ್ಡಿ. ತಾವೇ ಕಟ್ಟಿದ ಮನೆಯ ಬಾಗಿಲನ್ನು ಇನ್ನೊಬ್ಬರಿಗೆ ಮುಚ್ಚಿದರೆ ಆ ಸ್ವಾವಲಂಬನೆಗೆ ಅರ್ಥವಿಲ್ಲ.

ಎರಡನೆಯದು, ಸ್ವಯಂಕಲಿಕೆ ಸರ್ಕಾರದ ಹೊಣೆಗೆ ಬದಲಿಯಲ್ಲ. ಮಠದಲ್ಲಿ ಕಲಿತ ಹುಡುಗನಿಗೆ ಮಗ್ಗಿ ಬಂದಿತು, ನೌಕರಿ ಬರಲಿಲ್ಲ. ಪ್ರಮಾಣಪತ್ರ, ಪ್ರಯೋಗಾಲಯ, ವಿದ್ಯಾರ್ಥಿವೇತನಗಳನ್ನು ಜೋಳಿಗೆಯಿಂದ ತುಂಬಲಾಗದು. ಅದಕ್ಕೇ ನಮ್ಮ ಹಿರಿಯರು ಒಂದು ಕೈಯಲ್ಲಿ ಶಾಲೆ ನಡೆಸುತ್ತ, ಇನ್ನೊಂದು ಕೈಯಲ್ಲಿ ಹಕ್ಕು ಕೇಳುತ್ತ ಬಂದರು. ೧೯೪೮ರ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತದಲ್ಲಿ ಸೇರಿತು. ೧೯೫೬ರ ನವೆಂಬರ್ ೧ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಅದೇ ದಿನ ಈ ನಗರದ ಕನ್ನಡಿಗರು ಆಂಧ್ರಪ್ರದೇಶದ ಭಾಷಾ ಅಲ್ಪಸಂಖ್ಯಾತರಾದರು. ರಾಜಧಾನಿಯ ನಿವಾಸಿಗಳಾಗಿದ್ದವರು ರಾತ್ರಿ ಬೆಳಗಾಗುವಷ್ಟರಲ್ಲಿ ಹೊರನಾಡ ಕನ್ನಡಿಗರು! ಅದೇ ವರ್ಷ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಅದನ್ನು ಕೇಳುತ್ತಲೇ ಇರಬೇಕು. ಕೇಳುತ್ತಿರುವಾಗ ಕಲಿಸುವುದನ್ನು ನಿಲ್ಲಿಸಬಾರದು, ಅಷ್ಟೆ.

ಇಂದಿನ ಮಾತು

ಈಗ ಕನ್ನಡ ಕಲಿಸಲು ಉರ್ದು ಫಲಕದ ಮರೆ ಬೇಕಿಲ್ಲ. ಗಸ್ತಿ ನಿಶಾನ್ ಇಲ್ಲ. ಯಾರೂ ನಮ್ಮನ್ನು ತಡೆಯುತ್ತಿಲ್ಲ. ತಡೆಯಿದ್ದಾಗ ಉಳಿದ ಅಕ್ಷರ ತಡೆಯಿಲ್ಲದಾಗ ಅಳಿಯುತ್ತಿದೆಯಾದರೆ ಕಾರಣವನ್ನು ಹೊರಗೆ ಹುಡುಕಿ ಫಲವಿಲ್ಲ. ನಿಷೇಧ ಜನರನ್ನು ಎಚ್ಚರವಾಗಿಟ್ಟಿತ್ತು. ಅನುಕೂಲ ನಮ್ಮನ್ನು ಮಲಗಿಸಿದೆ. ಮಕ್ಕಳಿಗೆ ಪಿಯಾನೊ, ಕರಾಟೆ, ಚದುರಂಗಗಳಿಗೆ ಹೊತ್ತು ಹೊಂದಿಸುವ ನಾವು ಓನಾಮಕ್ಕೆ ಮಾತ್ರ ಶಾಲೆಯ ದಾರಿ ಕಾಯುತ್ತೇವೆ.

ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ, ಅದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ೨೦೧೮ರ ಕಾನೂನಿನಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಕನ್ನಡಕ್ಕೆ ಇದರಿಂದ ಜಾಗ ಕಡಿಮೆಯಾಯಿತೆಂದು ಕೊರಗುವವರಿದ್ದಾರೆ. ಆದರೆ ಕನ್ನಡ, ತೆಲುಗುಗಳಿಗೆ ಒಂದೇ ಲಿಪಿಯಿದ್ದ ಕಾಲವಿತ್ತು. ಇಂದಿಗೂ ಬಹುಪಾಲು ಅಕ್ಷರಗಳು ಅಕ್ಕತಂಗಿಯರಂತಿವೆ. ತೆಲುಗು ಓದಬಲ್ಲ ಮಗುವಿಗೆ ತಲೆಕಟ್ಟಿನ ವ್ಯತ್ಯಾಸ ತೋರಿಸಿ, ಕಕಾರ, ಶಕಾರ, ಹಕಾರದಂಥ ಬೇರೆಯಾಗಿ ಕಾಣುವ ಕೆಲವನ್ನು ತಿದ್ದಿಸಿದರೆ, ಕೆಲವೇ ವಾರಗಳಲ್ಲಿ ಕನ್ನಡದ ಫಲಕ ಓದತೊಡಗುತ್ತದೆ. ಮಾತು ಮನೆಯಲ್ಲೇ ಇದೆ, ಅಕ್ಷರ ಅರ್ಧ ಶಾಲೆಯಲ್ಲೇ ಬಂದಿದೆ. ಉಳಿದ ಅರ್ಧಕ್ಕೆ ವಾರಕ್ಕೊಂದು ಗಂಟೆ ಸಾಕು.

ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಕನ್ನಡ ಮನೆಗಳಿದ್ದರೆ ಒಂದು ಮಠವಾಯಿತು. ಭಾನುವಾರ ಒಬ್ಬರ ಪಡಸಾಲೆ. ದೊಡ್ಡ ಮಕ್ಕಳು ಚಿಕ್ಕವರಿಗೆ ತಿದ್ದಿಸಲಿ. ಮಕ್ಕಳೇ ಬರೆದು, ಚಿತ್ರ ಬಿಡಿಸಿ, ನಾಲ್ಕು ಪುಟದ ಕೈಬರಹದ ಪತ್ರಿಕೆಯೊಂದನ್ನು ಹೊರತರಲಿ. ಅಕ್ಷರ ಸೊಟ್ಟಗಿರಲಿ, ಕಾಗುಣಿತ ತಪ್ಪಲಿ, ಅಡ್ಡಿಯಿಲ್ಲ. ಪಕ್ಕದ ಮನೆಯ ತೆಲುಗು ಹುಡುಗಿ ಬಂದು ಕುಳಿತರೆ ಅವಳಿಗೂ ಒಂದು ಹಲಗೆ ಕೊಡಿ. ಮನೆಗೆಲಸಕ್ಕೆ ಬರುವ ರಾಯಚೂರಿನ ತಾಯಿಯ ಮಗನಿಗೆ ಮೊದಲ ಸಾಲಿನಲ್ಲಿ ಜಾಗ ಕೊಡಿ. ಕಲಿಸುವವರಿಗೆ ಪದವಿ ಬೇಕಿಲ್ಲ. ಮಗುವಿಗಿಂತ ಒಂದು ಪಾಠ ಮುಂದಿದ್ದರೆ ಸಾಕು.

ಹಿರಿಯರು ನಮಗೆ ಬಿಟ್ಟುಹೋದದ್ದು ಕಟ್ಟಡಗಳಿಗಿಂತ ಹೆಚ್ಚಾಗಿ ಈ ಅಭ್ಯಾಸವನ್ನು. ಕಟ್ಟಡಕ್ಕೆ ಸುಣ್ಣ ಬಳಿದು ಕಾಪಾಡಬಹುದು. ಅಭ್ಯಾಸವನ್ನು ಕಾಪಾಡಲು ಅದನ್ನು ಮಾಡುತ್ತಲೇ ಇರಬೇಕು. ಮುಂದಿನ ಭಾನುವಾರದಿಂದಲೇ ತೊಡಗುವವರಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.